ಹೊಸಬರ ಐದನೆಯ ಹಾಡು

ಜನವರಿ ೧೧

ಮಗಳೇ,

ನಾನು ಕ್ಷೇಮ ಎಂದು ಶುರುಮಾಡಿದರೆ ಎರಡನೆಯ ಸಾಲಿಗೇ ಸಿಕ್ಕಿಬೀಳುತ್ತೇನೆ. ಅದಕ್ಕೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಅಮ್ಮ ತೀರಿಹೋದ ಮೇಲೆ ಮೂರು ವರ್ಷ ಒಂದು ಸಾಲೂ ಬರೆಯದ ಮನುಷ್ಯ ಈಗ ಕಾಗದ ಬರೆದಿದ್ದಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಅಂದುಕೊಂಡಿರುತ್ತೀಯ. ನಿಜ, ಕೆಲಸ ಬಿದ್ದಿದೆ.

ಪತ್ರಿಕೆಯಲ್ಲಿ ನೋಡಿರಬಹುದು. ನಾಲ್ಕು ದೊಡ್ಡ ರಾಕ್ ಬ್ಯಾಂಡ್‌ಗಳಿಂದ ಒಬ್ಬೊಬ್ಬರನ್ನು ಹೆಕ್ಕಿ ಒಂದು ಹೊಸ ಬ್ಯಾಂಡ್ ಕಟ್ಟಿದ್ದಾರೆ. ಇದನ್ನು ಪತ್ರಿಕೆಯವರು ಸೂಪರ್‌ಗ್ರೂಪ್ ಎನ್ನುತ್ತಾರೆ. ನನ್ನನ್ನು ಕೇಳಿದರೆ, ನಾಲ್ಕು ಮುರಿದ ಮನೆಗಳ ಯಜಮಾನರು ಸೇರಿ ಹೂಡಿದ ಹೊಸ ಸಂಸಾರ. ಹಾಡುವವಳಿಗೆ ಬೆಂಕಿಪೆಟ್ಟಿಗೆ ಎಂದು ಹೆಸರು. ಆಳು ಪುಟ್ಟದು, ಗೀರಿದರೆ ಸಾಕು. ಗಿಟಾರಿನವನು ಮೇಷ್ಟ್ರು, ಊರಿನವರ ತಪ್ಪೆಲ್ಲ ತಿದ್ದುತ್ತಾನೆ. ಬಾಸ್ ಗಿಟಾರ್ ನುಡಿಸುವವನು ಗೋಡೆ. ನಲವತ್ತು ವರ್ಷದಿಂದ ಯಾವ ವೇದಿಕೆಯ ಮೇಲೂ ನಿಂತ ಜಾಗ ಬಿಟ್ಟು ಅಲ್ಲಾಡಿದವನಲ್ಲ. ಡ್ರಮ್ಸ್‌ಗೆ ನಾನು. ನಾಲ್ವರ ವಯಸ್ಸು ಕೂಡಿಸಿದರೆ ಇನ್ನೂರ ನಲವತ್ತೊಂದು. ಬ್ಯಾಂಡಿನ ಹೆಸರು 'ಹೊಸಬರು'. ನಗಬೇಡ, ಒಂಬತ್ತು ದಿನ ಜಗಳವಾಡಿ ಇಟ್ಟ ಹೆಸರು. ಆಲ್ಬಂ ಕೂಡ ಅದೇ ಹೆಸರಿನಲ್ಲಿ ಬರುತ್ತದೆ. ಈ ವಯಸ್ಸಿನಲ್ಲಿ ಚೊಚ್ಚಲ ಆಲ್ಬಂ ನೋಡು.

ಮೊದಲ ದಿನ ವಾದ್ಯ ಹಿಡಿದು ಕೂತವರು "ನೀವು ಶುರುಮಾಡಿ", "ಛೆ ಛೆ, ನೀವು ಹಿರಿಯರು", "ಯಾರ್ರೀ ಹಿರಿಯರು?" ಎನ್ನುತ್ತ ಇಪ್ಪತ್ತು ನಿಮಿಷ ಕಳೆದೆವು. ಅವರವರ ಬ್ಯಾಂಡಿನಲ್ಲಿ ಇವರೆಲ್ಲ ಯಾರಿಗೂ ದಾರಿ ಬಿಟ್ಟವರಲ್ಲ. ನಾನೂ ಬಿಟ್ಟವನಲ್ಲ. ಕೊನೆಗೆ ಗೋಡೆ ಏನೂ ಹೇಳದೆ ಒಂದು ಸ್ವರ ನುಡಿಸಿದ. ಉಳಿದವರು ಅದರ ಹಿಂದೆ ಹೋದೆವು. ಆ ಒಂದು ಗಂಟೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಬಹಳ ವರ್ಷದ ಮೇಲೆ ಖುಷಿಯಾಯಿತು, ಅಷ್ಟೇ.

ಈಗ ಕೆಲಸದ ಮಾತು. ನನ್ನ ಎಡಗಿವಿ ಹೋಗಿ ನಾಲ್ಕು ವರ್ಷವಾಯಿತು. ಬಲಗಿವಿ ಹೋಗುತ್ತಿದೆ. ಫೋನಿನಲ್ಲಿ ಮಾತು ತಿಳಿಯುವುದಿಲ್ಲ, ಅದಕ್ಕೇ ಕಾಗದ. ಬ್ಯಾಂಡಿನವರಿಗೆ ಇದು ಗೊತ್ತಿಲ್ಲ. ಕಂಪನಿಯವರು ನಾಲ್ವರಿಂದಲೂ ಆರೋಗ್ಯದ ಪ್ರಮಾಣಪತ್ರ ಕೇಳಿದ್ದಾರೆ, ನನ್ನಿಂದ ಕಿವಿಯದ್ದೂ ಸೇರಿಸಿ. ಕಿವಿ ಪರೀಕ್ಷೆ ಮಾಡುವುದೇ ನಿನ್ನ ಉದ್ಯೋಗ. ನಿನ್ನ ಒಂದು ಸಹಿ ಸಾಕು.

ಇದನ್ನು ಕೇಳಲು ನನಗೆ ಯಾವ ಮುಖವಿದೆ ಎಂದು ಗೊತ್ತು. ಆದರೂ ಕೇಳಿದ್ದೇನೆ.

ನಿನ್ನ ತಂದೆ


ಜನವರಿ ೨೭

ಅಪ್ಪನಿಗೆ,

ನಿಮ್ಮ ಕಾಗದ ತಲುಪಿದೆ.

ಪರೀಕ್ಷೆ ಮಾಡದೆ ನಾನು ಯಾರಿಗೂ ಸಹಿ ಹಾಕುವುದಿಲ್ಲ. ಫೆಬ್ರವರಿ ೧೭, ಬೆಳಿಗ್ಗೆ ಹನ್ನೊಂದಕ್ಕೆ ಸಮಯ ಬರೆದಿಟ್ಟಿದ್ದೇನೆ. ಅದಕ್ಕೆ ಮುಂಚಿನ ಎರಡು ದಿನ ಡ್ರಮ್ಸ್ ಮುಟ್ಟಬಾರದು. ಹಳೆಯ ವರದಿಗಳಿದ್ದರೆ ತನ್ನಿ. ಎಡಗಿವಿ ಹೋಗಿ ನಾಲ್ಕು ವರ್ಷವಾಗಿದೆ ಎಂದಿದ್ದೀರಿ. ಅಂದರೆ ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ ಹೋಗಿತ್ತು. ಆಗ ನಾನು ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದ ಮಾತುಗಳಿಗೆಲ್ಲ ನೀವು ತಲೆಯಾಡಿಸಿದ್ದಿರಿ. ಯಾವ ಪಕ್ಕದಲ್ಲಿ ಕೂತಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ.

ಕ್ಲಿನಿಕ್ ಎರಡನೆಯ ಮಹಡಿಯಲ್ಲಿದೆ. ಲಿಫ್ಟ್ ಇದೆ.

ಮಗಳು


ಫೆಬ್ರವರಿ ೧೯

ಅಪ್ಪನಿಗೆ,

ವರದಿ ಜೊತೆಗಿಟ್ಟಿದ್ದೇನೆ. ಗೆರೆಗಳು ಅರ್ಥವಾಗದಿದ್ದರೆ ಇಷ್ಟು ಸಾಕು: ಎಡಗಿವಿಯಲ್ಲಿ ಏನೂ ಉಳಿದಿಲ್ಲ. ಬಲಗಿವಿಯಲ್ಲಿ ಮೂರರಲ್ಲಿ ಒಂದು ಪಾಲು ಉಳಿದಿದೆ. ಈಗಿನಿಂದ ಸದ್ದಿಗೆ ಬೆನ್ನು ಹಾಕಿ ಕಿವಿಗೆ ಯಂತ್ರ ಹಾಕಿಕೊಂಡರೆ ಇನ್ನೂ ಎಂಟು ಹತ್ತು ವರ್ಷ ಮನುಷ್ಯರ ಮಾತು ಕೇಳಬಹುದು. ಮೂರು ನಾಲ್ಕು ತಿಂಗಳು ಡ್ರಮ್ಸ್ ಹಿಂದೆ ಕೂತರೆ ಅದೂ ಹೋಗುತ್ತದೆ. ಹೋಗಬಹುದು ಎಂದು ಬರೆಯುತ್ತಿಲ್ಲ, ಹೋಗುತ್ತದೆ ಎಂದೇ ಬರೆಯುತ್ತಿದ್ದೇನೆ.

ಪದಗಳ ಪರೀಕ್ಷೆಯ ಬಗ್ಗೆ ನಾನು ವರದಿಯಲ್ಲಿ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ. ನೀವು ಸದ್ದಿಲ್ಲದ ಕೋಣೆಯಲ್ಲಿ, ನಾನು ಗಾಜಿನ ಈಚೆ. ನಾನು ಮೈಕಿನಲ್ಲಿ ಓದುವ ಇಪ್ಪತ್ತೈದು ಪದಗಳನ್ನು ನೀವು ತಿರುಗಿ ಹೇಳಬೇಕು. ಇಪ್ಪತ್ಮೂರನ್ನು ಸರಿಯಾಗಿ ಹೇಳಿದಿರಿ. ಒಂದು ಕ್ಷಣ ನಂಬಿದೆ. ಆಮೇಲೆ ನಿಮ್ಮ ಕಣ್ಣು ನನ್ನ ತುಟಿಯ ಮೇಲಿದೆ ಎಂದು ತಿಳಿಯಿತು. ಫೈಲು ಎತ್ತಿ ಬಾಯಿ ಮರೆಮಾಡಿಕೊಂಡು ಇನ್ನೊಂದು ಪಟ್ಟಿ ಓದಿದೆ. ನಾಲ್ಕು ಪದ ಹೇಳಿದಿರಿ. ಉಳಿದದ್ದಕ್ಕೆ ಬಾಯಿಯನ್ನೇ ತೆರೆಯಲಿಲ್ಲ, ಸುಮ್ಮನೆ ಕೂತಿದ್ದಿರಿ. ನೀವು ಸುಮ್ಮನೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದಿಲ್ಲ. ಊಟಕ್ಕೆ ಕೂತರೂ ಮೇಜಿನ ಅಂಚಿನ ಮೇಲೆ ಬೆರಳು ಕುಣಿಯುತ್ತಿದ್ದವು.

ಸಹಿ ಹಾಕುವುದಿಲ್ಲ. ಉದ್ಯೋಗದ ಮರ್ಯಾದೆ ಒಂದು ಕಾರಣ. ಇನ್ನೊಂದು, ಆ ಸಹಿಯಿಂದ ನಿಮ್ಮ ಕಿವಿ ಕಿತ್ತ ಹಾಗಾಗುತ್ತದೆ. ಅದು ನನ್ನ ಕೈಯಲ್ಲಿ ಆಗುವುದು ಬೇಡ.

ನಿಮ್ಮ ಮೊಮ್ಮಗಳಿಗೆ ನಾಲ್ಕು ತುಂಬಿತು. ಅವಳು ದಿನವಿಡೀ ಮಾತಾಡುತ್ತಾಳೆ. ನೀವು ಅವಳ ದನಿಯನ್ನು ಇನ್ನೂ ಕೇಳಿಲ್ಲ.

ಮಗಳು


ಮಾರ್ಚ್ ೮

ಮಗಳೇ,

ವರದಿ ಸಿಕ್ಕಿತು. ಮಡಿಸಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ರೆಕಾರ್ಡಿಂಗ್ ಶುರುವಾಗಿ ಆರು ದಿನ. ಈ ಒಂದು ಸಾಲಿನಲ್ಲಿ ನಿನಗೆ ಬೇಕಾದ ಉತ್ತರ, ಅಲ್ಲ, ನಿನಗೆ ಬೇಡವಾದ ಉತ್ತರ ಇದೆ.

ಸ್ಟುಡಿಯೋ ಮೊದಲು ಐಸ್ ಕಾರ್ಖಾನೆಯಾಗಿತ್ತು. ಕಟ್ಟಡದ ಗೋಡೆಗಳು ಎರಡಡಿ ದಪ್ಪ. ನೆಲಕ್ಕೆ ಮರದ ಹಲಗೆ ಹಾಕಿದ್ದಾರೆ. ಬಾಗಿಲ ಬಳಿ ನಮ್ಮ ನಾಲ್ವರ ಹೆಸರು ಬರೆದ ನಾಲ್ಕು ಮೊಳೆಗಳಿವೆ, ಕೋಟು ತೂಗುಹಾಕಲು. ಮೇಷ್ಟ್ರು ತನ್ನ ಹೆಸರಿನ ಕಾಗುಣಿತ ತಿದ್ದಿದ್ದಾನೆ.

ಹೇಗೆ ನುಡಿಸುತ್ತೀರಿ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ. ಚಪ್ಪಲಿ ಬಿಟ್ಟು ಕೂರುತ್ತೇನೆ. ಬಾಸಿನ ಸದ್ದು ಹಲಗೆಯ ಮೂಲಕ ಅಂಗಾಲಿಗೆ ಬರುತ್ತದೆ. ಅದೂ ಸಾಲದಿದ್ದಾಗ ಗೋಡೆಯ ಬಲಭುಜ ನೋಡುತ್ತೇನೆ. ತಂತಿ ಮೀಟುವ ಮುಂಚೆ ಅದು ಒಂದು ಕೂದಲಿನಷ್ಟು ಕೆಳಗಿಳಿಯುತ್ತದೆ. ಹಾಡನ್ನೆಲ್ಲ ಆ ಭುಜದಲ್ಲೇ ಓದಿಕೊಳ್ಳುತ್ತೇನೆ.

ಕಂಪನಿಯವರ ಏರ್ಪಾಡು ಬೇರೆ ಇತ್ತು. ನಾಲ್ವರಿಗೂ ನಾಲ್ಕು ಕೋಣೆ, ಕಿವಿಗೆ ಹೆಡ್‌ಫೋನ್, ಅದರಲ್ಲಿ ತಾಳ ಹಿಡಿಯಲು ಯಂತ್ರದ ಟಿಕ್ ಟಿಕ್. ಈಗ ಎಲ್ಲರೂ ಹಾಗೆಯೇ ಮಾಡುವುದು. ಹಾಗೆ ಮಾಡಿದ್ದರೆ ಮೊದಲ ಗಂಟೆಯಲ್ಲೇ ನನ್ನ ಬಣ್ಣ ಬಯಲಾಗುತ್ತಿತ್ತು. ಅದಕ್ಕೆ ಎದ್ದು ನಿಂತು ಭಾಷಣ ಮಾಡಿದೆ. "ನಾಲ್ಕು ಕೋಣೆಯಲ್ಲಿ ಕೂತು ನುಡಿಸೋದಕ್ಕೆ ನಾವ್ಯಾಕೆ ಬೇಕು? ಒಂದೇ ಕೋಣೆ, ಒಬ್ರ ಮುಖ ಒಬ್ರು ನೋಡ್ಕೊಂಡು ನುಡಿಸೋದಾದ್ರೆ ನಾನಿರ್ತೀನಿ. ಇಲ್ಲಾಂದ್ರೆ ಈಗ್ಲೇ ಹೊರಟೆ" ಎಂದೆ. ನನ್ನ ಗುಟ್ಟು ಉಳಿಸಿಕೊಳ್ಳಲು ಹೇಳಿದ ಮಾತು ಅದು. ಮೇಷ್ಟ್ರು ಗಿಟಾರ್ ಕೆಳಗಿಟ್ಟ. "ಈ ಮಾತನ್ನ ಯಾರಾದ್ರೂ ಹೇಳ್ಲಿ ಅಂತ ಇಪ್ಪತ್ತು ವರ್ಷದಿಂದ ಕಾಯ್ತಿದ್ದೆ ಮಾರಾಯ" ಎಂದ. ಬೆಂಕಿಪೆಟ್ಟಿಗೆ ಬಂದು ನನ್ನ ತಲೆ ಸವರಿದಳು. ನಾಚಿಕೆಯಿಂದ ನೆಲ ನೋಡುತ್ತ ಕೂತೆ. ಅವರು ಅದನ್ನು ವಿನಯ ಎಂದುಕೊಂಡರು.

ಪ್ರಮಾಣಪತ್ರದ ತಂಟೆಯೂ ಮುಗಿಯಿತು. ಕಂಪನಿಯವನು ಅದನ್ನು ಮತ್ತೆ ಕೇಳಲು ಬಂದಾಗ ಗೋಡೆ ಅಡ್ಡ ಬಂದ. "ಡ್ರಮ್ಸ್ ಬಾರಿಸೋನ ಕಿವಿ ಕಟ್ಕೊಂಡು ಏನ್ರೀ ಮಾಡ್ತೀರಿ, ಕೈ ನೋಡಿ" ಎಂದನಂತೆ. ವರ್ಷಕ್ಕೆ ಹತ್ತು ಮಾತಾಡುವವನು ಅಷ್ಟು ಹೇಳಿದ್ದಕ್ಕೇ ಕಂಪನಿಯವನು ಹೆದರಿ ಹೋದ.

ನನ್ನ ಹಳೆಯ ಬ್ಯಾಂಡಿನ ಕೊನೆಯ ಆಲ್ಬಂ ನೆನಪಿದೆಯಾ? ನಾಲ್ವರೂ ನಾಲ್ಕು ದಿನ ಬೇರೆ ಬೇರೆ ಬಂದು ನುಡಿಸಿ ಹೋದೆವು, ಒಬ್ಬರ ಮುಖ ಒಬ್ಬರು ನೋಡಬಾರದು ಎಂದು. ಮೂವತ್ತು ವರ್ಷದ ಒಡನಾಟ ಹಾಗೆ ಮುಗಿಯಿತು. ಅದೇ ಕೊನೆಯದಾಗುವುದು ನನಗೆ ಇಷ್ಟವಿಲ್ಲ ಮಗಳೇ. ಕಾರಣ ಕೇಳಿದರೆ ಇಷ್ಟೇ ಇರುವುದು.

ಅಪ್ಪ


ಏಪ್ರಿಲ್ ೧೬

ಅಪ್ಪನಿಗೆ,

ಭಾನುವಾರದ ಪುರವಣಿಯಲ್ಲಿ ನಿಮ್ಮ ನಾಲ್ವರ ಸಂದರ್ಶನ ಓದಿದೆ. ಚಿತ್ರದಲ್ಲಿ ನೀವು ಬರಿಗಾಲಿನಲ್ಲಿದ್ದೀರಿ. ಬರಿಗಾಲಿನ ಸರಳತೆಯ ಬಗ್ಗೆಯೇ ಒಂದು ಪ್ಯಾರಾ ಇದೆ. 'ಪ್ರಾಮಾಣಿಕತೆ' ಎಂಬ ಪದ ಆರು ಸಲ ಬಂದಿದೆ, ಎಣಿಸಿದೆ. ಆರನೆಯದಕ್ಕೆ ಎದ್ದು ಅಡುಗೆಮನೆಗೆ ಹೋದೆ.

ಆಮೇಲೆ ಎರಡು ದಿನ ನಿಮಗೆ ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಕೊನೆಗೆ ಬರೆಯಲು ಕೂತಿದ್ದೇನೆ.

ಉಳಿದ ಮೂರರಲ್ಲೊಂದು ಪಾಲನ್ನು ಯಾರಿಗೆ ಕೊಡಬೇಕೆಂಬುದು ನಿಮ್ಮ ಕೈಯಲ್ಲಿತ್ತು. ಅವರಿಗೆ ಕೊಟ್ಟಿರಿ. ಒಬ್ಬ ಮೇಷ್ಟ್ರು, ಒಬ್ಬ ಗೋಡೆ, ಒಬ್ಬಳು ಬೆಂಕಿಪೆಟ್ಟಿಗೆ. ಹೋದ ವರ್ಷ ಇವರ ಪರಿಚಯವೇ ನಿಮಗಿರಲಿಲ್ಲ. ನೀವು ಕಿವುಡರಾಗುತ್ತೀರಿ ಎಂದು ನನಗೆ ಕೋಪವಿಲ್ಲ. ದಿನಕ್ಕೆ ಹತ್ತು ಜನ ಕಿವುಡರನ್ನು ನೋಡುತ್ತೇನೆ. ಇರುವಷ್ಟರಲ್ಲೇ ನನಗೂ ಸ್ವಲ್ಪ ಎತ್ತಿಡಬಹುದಿತ್ತು. ಒಂದು ಮಧ್ಯಾಹ್ನದಷ್ಟು.

ಇದಕ್ಕೆ ಉತ್ತರ ಬೇಡ.

ಮಗಳು


ಜೂನ್ ೨

ಮಗಳೇ,

ನೀನು ಉತ್ತರ ಬೇಡ ಎಂದಿದ್ದೆ. ಇದು ಉತ್ತರವಲ್ಲ, ಸುದ್ದಿ.

ರೆಕಾರ್ಡಿಂಗ್ ಮುಗಿದು ಹನ್ನೊಂದನೆಯ ದಿನ ಬೆಳಿಗ್ಗೆ ಎದ್ದು ಮುಖ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ಬಂತು, ಸದ್ದು ಬರಲಿಲ್ಲ. ನಲ್ಲಿ ಕೆಟ್ಟಿದೆ ಎಂದು ಒಂದು ಕ್ಷಣ ನಿಜವಾಗಿಯೂ ಅಂದುಕೊಂಡೆ. ಬಗ್ಗಿ ನೋಡಿದೆ ಕೂಡ. ಆಮೇಲೆ ಚಪ್ಪಾಳೆ ತಟ್ಟಿದೆ. ತಟ್ಟೆ ಕೆಳಗೆ ಬೀಳಿಸಿದೆ. ತಟ್ಟೆ ಒಡೆದದ್ದು ಕಂಡಿತು. ಕೊನೆಗೆ ನಿನ್ನ ಹೆಸರು ಕೂಗಿದೆ. ಗಂಟಲು ನಡುಗಿದ್ದು ತಿಳಿಯಿತು, ಅಷ್ಟೇ.

ನೀನು ಹೇಳಿದ ಹಾಗೇ ಆಯಿತು. ಹೆದರಿಕೆಯಾಗಿದೆ. ನಿನ್ನ ಹತ್ತಿರ ಏಕೆ ಮುಚ್ಚಿಡಲಿ, ಬಹಳ ಹೆದರಿಕೆಯಾಗಿದೆ. ರಸ್ತೆ ದಾಟಲು ಹತ್ತು ನಿಮಿಷ ನಿಲ್ಲುತ್ತೇನೆ. ತರಕಾರಿಯವಳು ಏನು ಕೇಳಿದಳೋ, ಹೂಂ ಎಂದೆ. ಮನೆಗೆ ಬಂದು ನೋಡಿದರೆ ಚೀಲದಲ್ಲಿ ಮೂರು ಕೆಜಿ ಈರುಳ್ಳಿಯಿತ್ತು.

ನಿನ್ನ ವರದಿಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಓದಿದೆ, ಜೊತೆಗಿದ್ದ ಕಾಗದವನ್ನೂ. ಎರಡನೆಯ ಪಟ್ಟಿಯಲ್ಲಿ ನಾಲ್ಕೇ ಪದ ಹೇಳಿ ಸುಮ್ಮನೆ ಕೂತಿದ್ದಿರಿ ಎಂದು ನೀನು ಬರೆದಿದ್ದೆ. ಸೋತು ಕೂತೆ ಎಂದು ನೀನು ತಿಳಿದಿರಬೇಕು. ನನಗೆ ಪದಗಳು ತಿಳಿಯುತ್ತಿರಲಿಲ್ಲ, ನಿಜ. ಆದರೆ ಹೆಡ್‌ಫೋನಿನಲ್ಲಿ ನಿನ್ನ ದನಿ ಮಾತ್ರ ಬರುತ್ತಿತ್ತು. ಓದುವಾಗ ನಿನ್ನ ದನಿ ಅಮ್ಮನ ದನಿಯಂತೆಯೇ ಕೊನೆಯಲ್ಲಿ ಸ್ವಲ್ಪ ಇಳಿಯುತ್ತದೆ. ಬಾಯಿ ತೆರೆದರೆ ನನ್ನ ಸದ್ದಿಗೆ ಅದು ಮುಚ್ಚಿಹೋಗುತ್ತದಲ್ಲ ಎಂದು ಸುಮ್ಮನಿದ್ದೆ. ಪಟ್ಟಿ ಇಪ್ಪತ್ತೈದಕ್ಕೇ ಮುಗಿಯಿತು.

ಪಶ್ಚಾತ್ತಾಪ ಇದೆಯೇ ಎಂದರೆ ಇದೆ. ಮತ್ತೆ ಕರೆದರೆ ಮತ್ತೆ ಹೋಗುತ್ತಿದ್ದೆನೇ ಎಂದರೆ ಹೋಗುತ್ತಿದ್ದೆ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಗೆ ಹೇಳುವುದೆಂದು ನನಗೆ ತಿಳಿಯದು.

ಅಪ್ಪ


ಆಗಸ್ಟ್ ೨೩

ಮಗಳೇ,

ನೀನು ಬರೆಯಲಿಲ್ಲ. ಅದು ನಿನ್ನ ಹಕ್ಕು. ನಾನು ಎಷ್ಟು ಸಲ ಬರೆದಿಲ್ಲ ಎಂದು ಎಣಿಸಲು ಹೊರಟರೆ ಬೆರಳು ಸಾಲುವುದಿಲ್ಲ.

ಜೊತೆಗಿರುವುದು 'ಹೊಸಬರು', ನಮ್ಮ ಚೊಚ್ಚಲ ಆಲ್ಬಂ. ಹತ್ತು ಹಾಡು. ಮೊನ್ನೆ ಬಿಡುಗಡೆಯಾಯಿತು. ವಿಮರ್ಶೆಗಳೆಲ್ಲ ಹೊಗಳಿವೆ. ನನ್ನ ಬಗ್ಗೆ ಬರೆಯುವಾಗ 'ಈ ವಯಸ್ಸಿನಲ್ಲೂ' ಎಂದು ಶುರುಮಾಡುತ್ತಾರೆ. ಹಾಗಾಗಿ ಅದನ್ನು ನಂಬುವುದು ಕಷ್ಟ. ಬ್ಯಾಂಡಿನ ಮೂವರೂ ಚೆನ್ನಾಗಿ ಬಂದಿದೆ ಎಂದು ಹೆಬ್ಬೆರಳು ತೋರಿಸುತ್ತಾರೆ. ಈಗ ಅವರಿಗೆ ನನ್ನ ಕಿವಿಯ ವಿಷಯ ಹೇಳಿದ್ದೇನೆ. ಬೆಂಕಿಪೆಟ್ಟಿಗೆ ಅತ್ತಳು, ಮೇಷ್ಟ್ರು ಬೈದ, ಗೋಡೆ ಕಿಟಕಿಯ ಕಡೆ ನೋಡಿದ. ಇನ್ನು ಅವರು ನಿಜ ಹೇಳುತ್ತಾರೆಯೇ?

ನಾನು ಆಲ್ಬಂನ ತಟ್ಟೆ ಹಾಕಿ ಅದು ತಿರುಗುವುದನ್ನು ನೋಡಿದೆ. ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತೆ. ಸದ್ದಿದೆ ಎನ್ನುವುದು ತಿಳಿಯುತ್ತದೆ, ಸರಿಯೋ ತಪ್ಪೋ ತಿಳಿಯುವುದಿಲ್ಲ.

ನನ್ನ ಜೀವನದಲ್ಲಿ ನನಗೆ ಸುಳ್ಳು ಹೇಳಲು ಒಪ್ಪದವಳು ನೀನೊಬ್ಬಳೇ. ಸಹಿ ಹಾಕದ ಆ ಪ್ರಮಾಣಪತ್ರವೇ ಅದಕ್ಕೆ ಸಾಕ್ಷಿ. ಅದಕ್ಕೆ ನಿನ್ನನ್ನೇ ಕೇಳುತ್ತಿದ್ದೇನೆ. ಒಂದು ಸಲ ಪೂರ್ತಿ ಕೇಳಿ ಹೇಳು. ಹಾಡು ನಿನಗೆ ಹಿಡಿಸಬೇಕಾಗಿಲ್ಲ. ನಾನು ತಾಳ ತಪ್ಪಿದ್ದೇನೆಯೇ? ಕಿವಿ ಕೊಟ್ಟು ನಾನು ಏನನ್ನು ಪಡೆದೆ ಎಂದು ನನಗೆ ಗೊತ್ತಾಗಬೇಕು. ತಪ್ಪಿದ್ದರೆ ತಪ್ಪಿದ್ದೀರಿ ಎಂದೇ ಬರೆ.

ಅಪ್ಪ


ಸೆಪ್ಟೆಂಬರ್ ೬

ಅಪ್ಪ,

ಪೊಟ್ಟಣ ಒಂದು ವಾರ ಮೇಜಿನ ಮೇಲೇ ಇತ್ತು. ಬಿಚ್ಚುವುದಿಲ್ಲ ಎಂದು ನಿರ್ಧರಿಸಿದ್ದೆ. ಬಿಚ್ಚಿದ್ದು ಪುಟ್ಟಿ. ಹೊದಿಕೆಯ ಮೇಲಿನ ಚಿತ್ರ ನೋಡಿ "ಇವರಲ್ಲಿ ಅಜ್ಜ ಯಾರು?" ಎಂದು ಕೇಳಿದಳು. ತೋರಿಸಿದೆ. "ಚಪ್ಪಲಿ ಯಾಕೆ ಹಾಕ್ಕೊಂಡಿಲ್ಲ?" ಎಂದಳು. ಆ ಪ್ರಶ್ನೆಗೆ ಉತ್ತರ ಈ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು ಅನ್ನಿಸಿತು. ಮನಸ್ಸು ಬದಲಾಯಿಸಿದೆ.

ಇವತ್ತು ಶನಿವಾರ, ಕ್ಲಿನಿಕ್ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಎಲ್ಲರೂ ಹೋದ ಮೇಲೆ ಸದ್ದಿಲ್ಲದ ಕೋಣೆಯಲ್ಲಿ, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತು, ನಮ್ಮಲ್ಲಿರುವ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸಂಗೀತ ನನಗೆ ತಿಳಿಯದು. ಮನೆಯಲ್ಲಿ ಅದನ್ನು ಕಲಿಯುವುದಿಲ್ಲ ಎಂದು ಹಠ ಮಾಡಿದ್ದೂ ನಿಮ್ಮ ಮೇಲಿನ ಸಿಟ್ಟಿಗೇ. ಆದರೆ ಕೇಳುವುದು ನನ್ನ ಕಸುಬು. ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ.

ಮೊದಲ ಹಾಡು ನನಗೆ ಹಿಡಿಸಲಿಲ್ಲ. ಮೇಷ್ಟ್ರು ಗಿಟಾರಿನಲ್ಲೂ ಪಾಠವನ್ನೇ ಮಾಡುತ್ತಾರೆ. ನೀವು ಮಾತ್ರ ಗಡಿಯಾರದಷ್ಟು ಸರಿಯಾಗಿದ್ದೀರಿ. ಎರಡನೆಯದರಲ್ಲೂ ಸರಿ. ಮೂರನೆಯದರಲ್ಲಿ ಆಕೆಯ ದನಿ ಮೇಲಕ್ಕೆ ಹೋಗುವಾಗ ಒಡೆಯುತ್ತದೆ. ಒಡೆದದ್ದನ್ನು ಹಾಗೇ ಬಿಟ್ಟಿದ್ದಾರೆ. ಆಗ ನೀವು ಕೋಲಿಗೆ ಬದಲು ಕೈಯಲ್ಲಿ ಬಾರಿಸುತ್ತೀರಿ ಎಂದು ಕಾಣುತ್ತದೆ, ಸದ್ದು ಮೆತ್ತಗಿದೆ. ಅದನ್ನು ಎರಡು ಸಲ ಕೇಳಿದೆ. ನಾಲ್ಕನೆಯದು ವೇಗದ್ದು. ಪುಟ್ಟಿಗೆ ಹಿಡಿಸುತ್ತದೆ.

ಐದನೆಯ ಹಾಡಿನಲ್ಲಿ ನೀವು ತಪ್ಪಿದ್ದೀರಿ.

ಹಾಡಿನ ಮಧ್ಯೆ ಎಲ್ಲರೂ ನಿಲ್ಲುತ್ತೀರಿ. ಪೂರ್ತಿ ಮೌನ. ಎಂಟು ಎಣಿಸಿ ಒಟ್ಟಿಗೆ ಮತ್ತೆ ಶುರುಮಾಡಬೇಕು ಎಂದು ತೋರುತ್ತದೆ, ಮೊದಲ ಸಲ ಹಾಗೇ ಆಗುತ್ತದೆ. ಎರಡನೆಯ ಸಲ ನಿಂತಾಗ ನಾನೂ ಬೆರಳಲ್ಲಿ ಎಣಿಸಿದೆ. ಎಂಟಾಯಿತು. ನೀವು ಬರಲಿಲ್ಲ. ಒಂಬತ್ತು, ಹತ್ತು. ಆಮೇಲೆ ಬಂದಿರಿ.

ತಪ್ಪಿದ್ದರೆ ತಪ್ಪಿದ್ದೀರಿ ಎಂದು ಬರೆ ಎಂದಿರಿ, ಬರೆದಿದ್ದೇನೆ. ಆದರೆ ಆ ಎರಡು ಎಣಿಕೆಯಲ್ಲಿ ಏನೂ ಇಲ್ಲ ಎಂದು ತಿಳಿಯಬೇಡಿ. ಸಾಮಾನ್ಯ ಸ್ಪೀಕರಿನಲ್ಲಿ ಕೇಳಿದರೆ ಗೊತ್ತಾಗದು. ನಾನು ಹನ್ನೊಂದು ಸಲ ಕೇಳಿದೆ, ಸದ್ದು ಹೆಚ್ಚಿಸಿ.

ಎಂಟಕ್ಕೆ ಸರಿಯಾಗಿ ಬಾಸಿನ ಒಂದು ಸ್ವರ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಉಡುಗುತ್ತದೆ. ತಂತಿಯ ಮೇಲೆ ಅಂಗೈ ಒತ್ತಿದ ಸದ್ದು ಇದೆ. ಗೋಡೆ ಶುರುಮಾಡಿ, ನೀವು ಬಂದಿಲ್ಲವೆಂದು ನೋಡಿ, ತಂತಿಯನ್ನು ಹಿಡಿದು ನಿಲ್ಲಿಸಿದ್ದಾರೆ. ಅದೇ ಹೊತ್ತಿಗೆ ಆಕೆ ಹಾಡಲು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಎಳೆದುಕೊಂಡ ಉಸಿರು ಹೊರಗೆ ಬರುವುದಿಲ್ಲ. ಎರಡು ಎಣಿಕೆ ಪೂರ್ತಿ ಅದನ್ನು ಎದೆಯಲ್ಲೇ ಹಿಡಿದಿದ್ದಾರೆ. ಮೇಷ್ಟ್ರ ಕುರ್ಚಿ ಒಮ್ಮೆ ಕಿರ್ರೆಂದಿತು. ಗಿಟಾರ್ ಮಾತಾಡಲಿಲ್ಲ. ಎಲ್ಲರನ್ನೂ ತಿದ್ದುವ ಮನುಷ್ಯ ನಿಮ್ಮನ್ನು ತಿದ್ದಲಿಲ್ಲ. ಆಮೇಲೆ ನಿಮ್ಮ ಪೆಟ್ಟು ಬಿತ್ತು. ಮೂವರೂ ಅದೇ ಕ್ಷಣಕ್ಕೆ, ಏನೂ ಆಗಿಲ್ಲವೆಂಬಂತೆ, ನಿಮ್ಮ ಜೊತೆ ಬಂದರು.

ಅವರಿಗೆ ಗೊತ್ತಿತ್ತು ಅಪ್ಪ. ನೀವು ಹೇಳುವ ಎಷ್ಟೋ ಮುಂಚೆ ಗೊತ್ತಿತ್ತು.

ಆ ಎರಡು ಎಣಿಕೆಯನ್ನು ಕತ್ತರಿಸಿ ಎಸೆಯುವುದು ಎಷ್ಟು ಹೊತ್ತಿನ ಕೆಲಸ ಎಂದು ಸ್ಟುಡಿಯೋದ ಇಂಜಿನಿಯರಿಗೆ ಫೋನ್ ಮಾಡಿ ವಿಚಾರಿಸಿದೆ. ಹೊದಿಕೆಯ ಮೇಲೆ ಹೆಸರಿತ್ತು. "ಐದು ನಿಮಿಷ. ನಾನು ಕತ್ತರಿಸ್ತೀನಿ ಅಂದೆ. ಮೂರೂ ಜನ ಒಂದೇ ಸಲ ಬೇಡ ಅಂದ್ರು. ಅವರು ಮೂರೂ ಜನ ಒಪ್ಪಿದ್ದು ಅದೊಂದೇ ವಿಷಯಕ್ಕೆ" ಎಂದರು.

ಇಷ್ಟು ಕೇಳಿದ ಮೇಲೆ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಅವರು ನಿಮಗಾಗಿ ಎರಡು ಎಣಿಕೆ ಕಾದರು, ಅದು ಆಲ್ಬಂ ಆಯಿತು, ಊರೆಲ್ಲ ಕೊಂಡು ಕೇಳುತ್ತಿದೆ. ನಾನೂ ಕಾದಿದ್ದೇನೆ. ಶಾಲೆಯ ಗೇಟಿನ ಹತ್ತಿರ, ಕಾವಲಿನವನು ಬೀಗ ಹಿಡಿದು ನಿಂತಿರುವಾಗ ಕಾದಿದ್ದೇನೆ. ಆಸ್ಪತ್ರೆಯ ವರಾಂಡದಲ್ಲಿ, ಅಮ್ಮ ಎರಡು ಸಲ "ಬಂದ್ರಾ?" ಎಂದು ಕೇಳಿದ ಮೇಲೂ ಕಾದಿದ್ದೇನೆ. ನನ್ನ ಉಸಿರನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು ಜೋರಾಗಿ ಅತ್ತೆ. ಆ ಕೋಣೆಯಲ್ಲಿ ಒಂದು ಅನುಕೂಲವಿದೆ, ಹೊರಗೆ ಯಾರಿಗೂ ಕೇಳಿಸುವುದಿಲ್ಲ.

ಅತ್ತ ಮೇಲೆ ಆರನೆಯ ಹಾಡು ಹಾಕಿದೆ. ಉಳಿದ ಐದರಲ್ಲೂ ನೀನು ಎಲ್ಲೂ ತಪ್ಪಿಲ್ಲ. ಕೊನೆಯದರಲ್ಲಿ ಅಂತೂ ಅವರೆಲ್ಲ ನಿಲ್ಲಿಸಿದ ಮೇಲೂ ನೀನೊಬ್ಬನೇ ಸ್ವಲ್ಪ ಹೊತ್ತು ಬಾರಿಸುತ್ತೀಯ, ಮೆಲ್ಲಗೆ, ಯಾರದೋ ಬೆನ್ನು ತಟ್ಟುವ ಹಾಗೆ. ಅದು ಮೊದಲೇ ಹಾಗಿತ್ತೋ, ಅವರು ನಿಲ್ಲಿಸಿದ್ದು ನಿನಗೆ ತಿಳಿಯಲಿಲ್ಲವೋ, ನಾನು ಕೇಳುವುದಿಲ್ಲ. ಚೆನ್ನಾಗಿದೆ.

ಆಲ್ಬಂ ಚೆನ್ನಾಗಿದೆ ಅಪ್ಪ. ನನ್ನ ಸಹಿ ಬೇಕಿದ್ದರೆ ಇದಕ್ಕೆ ಹಾಕುತ್ತೇನೆ.

ಪುಟ್ಟಿಗೆ ಅಜ್ಜನಿಗೆ ಕೇಳಿಸುವುದಿಲ್ಲ ಎಂದು ಹೇಳಿದೆ. "ಹಾಗಾದ್ರೆ ನನ್ನ ಮಾತು ಹೇಗೆ ತೋರಿಸ್ಲಿ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಬಾ. ನೀವಿಬ್ಬರೇ ಕೂತು ಏನಾದರೂ ದಾರಿ ಹುಡುಕಿಕೊಳ್ಳಿ.

ನಿನ್ನ ಮಗಳು


ಸೆಪ್ಟೆಂಬರ್ ೧೧

ಮಗಳೇ,

ನಿನ್ನ ಕಾಗದವನ್ನು ಗೋಡೆಗೆ ತೋರಿಸಿದೆ. ನಿಧಾನವಾಗಿ ಓದಿದ. ಚೀಟಿ ತೆಗೆದುಕೊಂಡು 'ಎರಡನೇ ದಿನದಿಂದಲೇ ಗೊತ್ತಿತ್ತು' ಎಂದು ಬರೆದುಕೊಟ್ಟ. ಮತ್ತೆ ಯಾಕೋ ಹೇಳಲಿಲ್ಲ ಎಂದರೆ, 'ನೀನು ಹೇಳಲಿ ಅಂತ' ಎಂದು ಬರೆದ. ಐದನೆಯ ಹಾಡಿನಲ್ಲಿ ಆದದ್ದು ಇಷ್ಟು: ಅವನ ಭುಜ ಇಳಿದದ್ದು ನನ್ನ ಕಣ್ಣಿಗೆ ತಪ್ಪಿತ್ತು, ಅದು ಇಳಿಯಲಿ ಎಂದು ನಾನಿನ್ನೂ ಕಾಯುತ್ತಿದ್ದೆ, ಅವನು ತಂತಿ ಹಿಡಿದುಕೊಂಡು ನನ್ನ ಕೋಲು ಇಳಿಯಲಿ ಎಂದು ಕಾಯುತ್ತಿದ್ದ.

ಶಾಲೆಯ ಗೇಟಿನ ಬಗ್ಗೆ, ವರಾಂಡದ ಬಗ್ಗೆ ಬರೆದಿದ್ದೀಯ. ಅದಕ್ಕೆ ನಾನು ಹೇಳುವುದು ಏನಾದರೂ ಇದೆಯೇ ಎಂದು ಮೂರು ದಿನ ಹುಡುಕಿದೆ. ಇಲ್ಲ. ತಪ್ಪಾಯಿತು ಎಂದು ಬರೆಯುತ್ತಿದ್ದೇನೆ. ಮೊದಲೇ ಬರೆಯಬೇಕಾಗಿತ್ತು, ನಿನ್ನ ಅಮ್ಮನಿಗೂ ಬರೆಯಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇನೆ. ಬೆಲ್ ಒತ್ತಿದರೆ ಅದು ಸದ್ದು ಮಾಡಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಒಳಗಿನಿಂದ ನೀನು "ಬಂದೆ" ಎಂದು ಕೂಗಿದರೂ ತಿಳಿಯುವುದಿಲ್ಲ. ಕೈಯಲ್ಲಿ ಏನಾದರೂ ಕೆಲಸವಿದ್ದರೆ ಮುಗಿಸಿಯೇ ಬಾ, ಅವಸರವಿಲ್ಲ. ನೀನು ಬಾಗಿಲು ತೆರೆಯುವವರೆಗೂ ಅಲ್ಲೇ ನಿಂತಿರುತ್ತೇನೆ.

ಅಪ್ಪ